ಎರಡು ಮದ್ದು, ಒಂದೇ ಅಣು

1947ನೇ ಇಸವಿಯ ಆರಂಭ. ಎರಡನೇ ಮಹಾಯುದ್ಧದಲ್ಲಿ ಗೆದ್ದಿದ್ದ ಬ್ರಿಟನ್ನಿನ ಬೊಕ್ಕಸ ಬರಿದಾಗಿತ್ತು. ಅಮೆರಿಕದಲ್ಲಿ ತಯಾರಾಗುತ್ತಿದ್ದ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವನ್ನು ಬೇಕಾದಷ್ಟು ಕೊಳ್ಳಲು ಅದರ ಬಳಿ ಡಾಲರ್ ಇರಲಿಲ್ಲ. ಬಂದದ್ದು ಸ್ವಲ್ಪ, ಕಾದು ಕುಳಿತ ಕ್ಷಯರೋಗಿಗಳು ಬಹಳ. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೊಂದು ದಾರಿ ಹುಡುಕಿತು. ಎರಡೂ ಶ್ವಾಸಕೋಶಗಳು ಕೆಟ್ಟಿದ್ದ 107 ರೋಗಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. 55 ಮಂದಿಗೆ ಔಷಧ ಮತ್ತು ಹಾಸಿಗೆಯ ವಿಶ್ರಾಂತಿ. ಉಳಿದ 52 ಮಂದಿಗೆ ವಿಶ್ರಾಂತಿ ಮಾತ್ರ.

ಆರು ತಿಂಗಳು ಕಳೆದಾಗ ಔಷಧ ಪಡೆದವರಲ್ಲಿ ನಾಲ್ವರು ತೀರಿಕೊಂಡಿದ್ದರು. ಔಷಧ ಸಿಗದವರಲ್ಲಿ ಸತ್ತವರು 14 ಮಂದಿ. ಇದು ಪವಾಡವೆಂದೇ ಎಲ್ಲರೂ ತಿಳಿದರು. ಸಾವಿರಾರು ವರ್ಷಗಳಿಂದ ಮನುಷ್ಯನನ್ನು ಕಾಡಿದ ರಾಜಯಕ್ಷ್ಮಕ್ಕೆ ಕೊನೆಗೂ ಮದ್ದು ಸಿಕ್ಕಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಐದು ವರ್ಷಗಳ ನಂತರ ಅದೇ ರೋಗಿಗಳ ಲೆಕ್ಕ ತೆಗೆದಾಗ, ವಿಶ್ರಾಂತಿ ಮಾತ್ರ ಪಡೆದಿದ್ದ 52ರಲ್ಲಿ 35 ಮಂದಿ ಸತ್ತಿದ್ದರು. ಔಷಧ ಪಡೆದ 55ರಲ್ಲಿ 32 ಮಂದಿ ಸತ್ತಿದ್ದರು. ಮೊದಲ ಆರು ತಿಂಗಳಲ್ಲಿ ಕಂಡ ಅಂತರ ಹೆಚ್ಚು ಕಡಿಮೆ ಅಳಿಸಿಹೋಗಿತ್ತು. ಔಷಧ ಕೆಟ್ಟಿರಲಿಲ್ಲ; ರೋಗಾಣು ಅದಕ್ಕೆ ಒಗ್ಗಿಕೊಂಡಿತ್ತು.

ಕ್ಷಯದ ಔಷಧಗಳ ಇತಿಹಾಸವೆಲ್ಲ ಈ ಒಂದು ಸೋಲಿನಿಂದ ಹುಟ್ಟಿದ್ದು ಎಂದರೆ ತಪ್ಪಾಗದು. ಒಂದು ಮದ್ದು ಸಾಲದು, ಎರಡು ಬೇಕು ಎಂಬ ಪಾಠ ಅಂದು ಕಲಿತದ್ದು. ಆ ಎರಡನ್ನೂ ಒಂದೇ ಅಣುವಿನಲ್ಲಿ ಬೆಸೆದುಬಿಟ್ಟರೆ ಹೇಗೆ ಎಂಬ ಇಂದಿನ ಪ್ರಯತ್ನದ ಬೇರೂ ಅಲ್ಲಿಯೇ ಇದೆ.

ಎರಡೇಕೆ ಬೇಕು?

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅದರ ಸ್ವಭಾವ ಬೇರೆ ರೋಗಾಣುಗಳ ಹಾಗಲ್ಲ. ಅನೇಕ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಒಂದು ಎರಡಾಗುತ್ತವೆ. ಇದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಮೈಮೇಲೆ ಮೇಣದಂಥ ದಪ್ಪ ಕವಚ. ಔಷಧ ಒಳಗಿಳಿಯುವುದು ಕಷ್ಟ. ಜೊತೆಗೆ ಅದು ನಮ್ಮದೇ ರಕ್ಷಕ ಕಣಗಳ ಹೊಟ್ಟೆಯೊಳಗೆ ಅಡಗಿ ವರ್ಷಗಟ್ಟಲೆ ನಿದ್ದೆ ಹೊಡೆಯಬಲ್ಲದು.

ಇದಕ್ಕಿಂತ ದೊಡ್ಡ ತೊಡಕು ಸಂಖ್ಯೆಯದು. ಕ್ಷಯರೋಗಿಯ ಶ್ವಾಸಕೋಶದಲ್ಲಿ ಕೊರೆದ ಒಂದು ಕುಳಿಯಲ್ಲಿ ಹತ್ತು ಕೋಟಿಯಷ್ಟು ರೋಗಾಣುಗಳಿರಬಹುದು. ಅವು ವಂಶ ಬೆಳೆಸುವಾಗ ಸಣ್ಣಪುಟ್ಟ ತಪ್ಪುಗಳಾಗುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಐಸೊನಿಯಾಜಿಡ್ ಎಂಬ ಔಷಧಕ್ಕೆ ಬಗ್ಗದ ರೋಗಾಣು ಹತ್ತು ಲಕ್ಷಕ್ಕೊಂದು ತಾನಾಗಿಯೇ ಹುಟ್ಟುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ್ದು ಹತ್ತು ಕೋಟಿಗೊಂದು. ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು ಈ ಹಟಮಾರಿಗಳಷ್ಟೇ ಉಳಿಯುತ್ತವೆ. ಗದ್ದೆಯ ಕಳೆ ಕಿತ್ತು ಜೊಂಡಿಗೆ ಜಾಗ ಮಾಡಿಕೊಟ್ಟಂತೆ. ಎರಡನ್ನೂ ಒಟ್ಟಿಗೆ ಕೊಟ್ಟರೋ? ಎರಡಕ್ಕೂ ಬಗ್ಗದ ರೋಗಾಣು ಹುಟ್ಟುವ ಸಂಭವ ಕೋಟಿಯ ಕೋಟಿಗೊಂದು. ಅಷ್ಟೊಂದು ರೋಗಾಣುಗಳು ಯಾವ ಮನುಷ್ಯನ ಎದೆಯಲ್ಲೂ ಇರುವುದಿಲ್ಲ.

ಈ ಲೆಕ್ಕದ ಸತ್ಯ ಬೇಗನೆ ಸಾಬೀತಾಯಿತು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಯೊರ್ಗೆನ್ ಲೆಹ್ಮನ್ ಎಂಬ ವೈದ್ಯವಿಜ್ಞಾನಿ 1940ರಲ್ಲಿ ಒಂದು ಪುಟ್ಟ ವರದಿ ಓದಿದ್ದ. ಆಸ್ಪಿರಿನ್ನಿನ ಬಂಧುವಾದ ಸ್ಯಾಲಿಸಿಲಿಕ್ ಆಮ್ಲ ಹಾಕಿದರೆ ಕ್ಷಯದ ರೋಗಾಣು ಹೆಚ್ಚು ಆಮ್ಲಜನಕ ಹೀರುತ್ತದೆ ಎಂಬುದು ಅದರ ಸಾರ. ಅದನ್ನು ಇಷ್ಟಪಟ್ಟು ತಿನ್ನುವುದಾದರೆ, ಅದೇ ರೂಪದ ನಕಲಿಯೊಂದನ್ನು ತಿನ್ನಿಸಿ ಅದರ ಗಂಟಲು ಕಟ್ಟಬಾರದೇಕೆ ಎಂದು ಆತ ಯೋಚಿಸಿದ. ಹಾಗೆ ಹುಟ್ಟಿದ್ದು ಪ್ಯಾಸ್ ಎಂದೇ ಹೆಸರಾದ ಪ್ಯಾರಾ ಅಮೈನೊ ಸ್ಯಾಲಿಸಿಲಿಕ್ ಆಮ್ಲ. 1944ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಕೊಡಲಾಯಿತು. ಬ್ರಿಟನ್ನಿನ ಮಂಡಳಿ ಸ್ಟ್ರೆಪ್ಟೊಮೈಸಿನ್ ಜೊತೆಗೆ ಪ್ಯಾಸ್ ಸೇರಿಸಿ ಮತ್ತೊಂದು ಪರೀಕ್ಷೆ ನಡೆಸಿ 1950ರಲ್ಲಿ ಫಲಿತಾಂಶ ಪ್ರಕಟಿಸಿತು. ಜೋಡಿ ಔಷಧ ಪಡೆದವರಲ್ಲಿ ಒಗ್ಗಿಕೊಂಡ ರೋಗಾಣು ಕಾಣಿಸಿದ್ದು ತೀರಾ ಕಡಿಮೆ.

ಬೆಸುಗೆಯ ನಡುವೆ ಸಿಕ್ಕಿದ ಮುತ್ತು

ಎರಡು ಅಣುಗಳ ಗುಣವನ್ನು ಒಂದರಲ್ಲಿ ತರುವ ಆಲೋಚನೆ ಇಂದಿನದಲ್ಲ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕಾಗಿ ಸಲ್ಫಾ ಔಷಧವೊಂದನ್ನೂ ಸ್ಯಾಲಿಸಿಲಿಕ್ ಆಮ್ಲವನ್ನೂ ಒಂದೇ ಅಣುವಾಗಿ ಬೆಸೆಯುವ ದಾರಿ ಹಿಡಿದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಸಲ್ಫಾಸಲಜೀನ್ ಎಂಬ ಆ ಔಷಧ ಇಂದಿಗೂ ಬಳಕೆಯಲ್ಲಿದೆ.

ಕ್ಷಯದ ವಿಷಯದಲ್ಲಿ ಇದರ ಕಥೆ ಇನ್ನೂ ಸ್ವಾರಸ್ಯವಾದದ್ದು. ಸಲ್ಫಾ ಔಷಧಕ್ಕಾಗಿ 1939ರ ನೊಬೆಲ್ ಪಡೆದ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಮತ್ತು ಬಾಯರ್ ಕಂಪನಿಯ ಅವರ ಸಂಗಡಿಗರು ಥಯೊಸೆಮಿಕಾರ್ಬಜೋನ್ ಎಂಬ ಜಾತಿಯ ಸಂಯುಕ್ತಗಳು ಕ್ಷಯದ ಮೇಲೆ ಕೆಲಸ ಮಾಡುತ್ತವೆ ಎಂದು ಕಂಡುಕೊಂಡಿದ್ದರು. ಇತ್ತ ಪ್ಯಾರಿಸ್ಸಿನಲ್ಲಿ ಬಿ ಗುಂಪಿನ ಜೀವಸತ್ವವಾದ ನಿಕೊಟಿನಮೈಡ್ ಕೂಡ ಕ್ಷಯವನ್ನು ಸ್ವಲ್ಪ ತಡೆಯುತ್ತದೆ ಎಂದು 1945ರಲ್ಲಿ ಗೊತ್ತಾಗಿತ್ತು. ಜೀವಸತ್ವದ ಉಂಗುರವನ್ನೂ ಜರ್ಮನ್ ಸಂಯುಕ್ತದ ಬಾಲವನ್ನೂ ಸೇರಿಸಿ ಒಂದು ಸಂಕರ ಅಣು ಮಾಡಿದರೆ? ನಮ್ಮ ತೋಟದಲ್ಲಿ ಕಾಡುಮಾವಿನ ಬುಡಕ್ಕೆ ಒಳ್ಳೆಯ ಜಾತಿಯ ಕುಡಿ ಕಸಿ ಕಟ್ಟುವುದಿಲ್ಲವೇ, ಅದೇ ಲೆಕ್ಕ.

ರಸಾಯನಶಾಸ್ತ್ರಜ್ಞರು ಕೆಲಸಕ್ಕೆ ಇಳಿದರು. ಗುರಿ ಮುಟ್ಟಲು ಹಲವು ಮೆಟ್ಟಿಲು ಹತ್ತಬೇಕಿತ್ತು. ನಡುವಿನ ಒಂದು ಮೆಟ್ಟಿಲಲ್ಲಿ ಸಿಗುವ ಸಣ್ಣ ಸಂಯುಕ್ತವನ್ನೂ ಇರಲಿ ಎಂದು ಪರೀಕ್ಷಿಸಿ ನೋಡಿದರು. ಅದು ಗುರಿಯಾಗಿದ್ದ ಸಂಕರ ಅಣುವಿಗಿಂತ ಎಷ್ಟೋ ಪಾಲು ಬಲವಾಗಿತ್ತು! ಅದೇ ಐಸೊನಿಯಾಜಿಡ್. ಜರ್ಮನಿಯ ಬಾಯರ್, ಅಮೆರಿಕದ ಹಾಫ್‌ಮನ್-ಲಾ ರೋಶ್ ಮತ್ತು ಸ್ಕ್ವಿಬ್ ಎಂಬ ಮೂರು ಕಂಪನಿಗಳು ಒಂದರ ಸುದ್ದಿ ಒಂದಕ್ಕಿಲ್ಲದೆ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಇದನ್ನು ಕಂಡುಕೊಂಡವು. ಪೇಟೆಂಟಿಗೆ ಹೊರಟಾಗ ಮತ್ತೊಂದು ಬೆರಗು ಕಾದಿತ್ತು. ಪ್ರಾಗ್ ನಗರದಲ್ಲಿ ಮೆಯರ್ ಮತ್ತು ಮಾಲಿ ಎಂಬಿಬ್ಬರು 1912ರಲ್ಲಿಯೇ ಈ ವಸ್ತುವನ್ನು ತಯಾರಿಸಿ ಪ್ರಕಟಿಸಿದ್ದರು. ಅದು ಕ್ಷಯಕ್ಕೆ ಮದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ಅದು ಪುಸ್ತಕದ ಪುಟಗಳಲ್ಲಿ ನಿದ್ರಿಸುತ್ತಿದ್ದಾಗ ಹೊರಗೆ ಕೋಟ್ಯಂತರ ಜನ ಕ್ಷಯದಿಂದ ಸತ್ತರು. ವಸ್ತು ಹಳೆಯದಾದ್ದರಿಂದ ಅದರ ಮೇಲೆ ಯಾರೂ ಹಕ್ಕು ಸಾಧಿಸಲಾಗಲಿಲ್ಲ. ಬಡವರ ಪಾಲಿಗೆ ಇದು ಭಾಗ್ಯವಾಯಿತು. ಅಗ್ಗದ ಗುಳಿಗೆಯಾಗಿ ಅದು ಜಗತ್ತಿನ ಮೂಲೆಮೂಲೆ ತಲುಪಿತು. ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ 1952ರಲ್ಲಿ ಸಾವಿನಂಚಿನಲ್ಲಿದ್ದ ರೋಗಿಗಳು ಎದ್ದು ವಾರ್ಡಿನಲ್ಲೇ ಕುಣಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತು.

ಜೋಡಿಸುವ ಆಸೆ ಅಲ್ಲಿಗೆ ನಿಲ್ಲಲಿಲ್ಲ. ಐಸೊನಿಯಾಜಿಡ್ ಮತ್ತು ಪ್ಯಾಸ್ ಎರಡನ್ನೂ ಲವಣವಾಗಿ ಕೂಡಿಸಿದ ಪ್ಯಾಸಿನಿಯಾಜಿಡ್ ಬಂದಿತು. ಸ್ಟ್ರೆಪ್ಟೊಮೈಸಿನ್ನಿಗೆ ಐಸೊನಿಯಾಜಿಡ್ ಬೆಸೆದ ಸ್ಟ್ರೆಪ್ಟೊಹೈಡ್ರಜಿಡ್ 1953ರಲ್ಲಿ ವರದಿಯಾಯಿತು. ಆದರೆ ಬೇರೆ ಬೇರೆಯಾಗಿ ಕೊಡುವುದಕ್ಕಿಂತ ದೊಡ್ಡ ಲಾಭ ಅವುಗಳಿಂದ ಸಿಗಲಿಲ್ಲ. ಕ್ಷಯದ ಚಿಕಿತ್ಸೆ ಬೇರೆ ದಾರಿ ಹಿಡಿಯಿತು.

ಆಸ್ಪತ್ರೆಯಿಂದ ಮನೆಗೆ

ಆ ದಾರಿಯಲ್ಲಿ ನಮ್ಮ ದಕ್ಷಿಣ ಭಾರತದ ಪಾತ್ರ ದೊಡ್ಡದು. ಔಷಧವಿಲ್ಲದ ಕಾಲದಲ್ಲಿ ಕ್ಷಯಕ್ಕೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿಯೇ ಚಿಕಿತ್ಸೆಯಾಗಿತ್ತು. ಮೈಸೂರಿನಲ್ಲಿ 1921ರಲ್ಲಿ ಸ್ಥಾಪನೆಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯ ಹೆಸರು ಹೊತ್ತದ್ದು. ಆಕೆಯನ್ನು ಬಲಿ ತೆಗೆದುಕೊಂಡದ್ದೂ ಕ್ಷಯವೇ. ಅರಮನೆಯ ಒಳ್ಳೆಯ ಊಟ, ಒಳ್ಳೆಯ ಗಾಳಿ ಯಾವುದೂ ಕಾಪಾಡಲಿಲ್ಲ.

1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ನಗರದ ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಆಸ್ಪತ್ರೆಗೆ ಸೇರಿಸಿ, ಉಳಿದವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಇಬ್ಬರಿಗೂ ಐಸೊನಿಯಾಜಿಡ್ ಮತ್ತು ಪ್ಯಾಸ್ ಒಂದು ವರ್ಷ ಕೊಟ್ಟು ನೋಡಲಾಯಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ಕಣ್ಣು ತೆರೆಸಿತು. ಮನೆಯಲ್ಲಿದ್ದವರೂ ಆಸ್ಪತ್ರೆಯಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ರೋಗ ಹೆಚ್ಚಾಗಿ ಅಂಟಿರಲೂ ಇಲ್ಲ. ಗುಣಪಡಿಸಿದ್ದು ಗುಳಿಗೆ, ಗಾಳಿಯಲ್ಲ ಎಂಬುದು ಖಚಿತವಾಯಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಸಮಾಜವಿಜ್ಞಾನಿಗಳು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬುದು ಅಂದಿನ ನಂಬಿಕೆ. ವರದಿ ಅದನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಹುಡುಕಿ ಹೋಗಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ! ಈ ಮಾತನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಇಟಲಿಯ ಮಿಲಾನ್ ನಗರದ ಲೆಪೆಟಿಟ್ ಪ್ರಯೋಗಾಲಯ 1957ರಲ್ಲಿ ಫ್ರಾನ್ಸಿನ ಕಡಲತೀರದ ಪೈನ್ ತೋಪಿನ ಮಣ್ಣಿನಿಂದ ಹೊಸ ವಸ್ತುವೊಂದನ್ನು ಪಡೆಯಿತು. 'ರಿಫಿಫಿ' ಎಂಬ ಅಂದಿನ ಜನಪ್ರಿಯ ಸಿನಿಮಾದ ಹೆಸರಿನಿಂದ ಅದಕ್ಕೆ ರಿಫಾಮೈಸಿನ್ ಎಂಬ ಹೆಸರು ಬಂತು. ನುಂಗಿದರೆ ಅದು ರಕ್ತಕ್ಕೆ ಸೇರುತ್ತಿರಲಿಲ್ಲ. ಹೊಸದೊಂದು ಬಾಲ ಕಸಿ ಮಾಡಿದ ಮೇಲೆ ಅದೇ ರಿಫಾಂಪಿಸಿನ್ ಆಯಿತು. ಇದು ಬಂದ ಮೇಲೆ ಒಂದೂವರೆ ಎರಡು ವರ್ಷಗಳ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು.

ಆರು ತಿಂಗಳು ಎಂದರೂ ಅದು ಸಣ್ಣ ಅವಧಿಯಲ್ಲ. ಎರಡು ತಿಂಗಳಲ್ಲಿ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ. ಕೂಲಿಗೆ ಹೋಗಬೇಕಾದವನು ಗುಣವಾಯಿತೆಂದು ಮಾತ್ರೆ ಬಿಡುತ್ತಾನೆ. ನಾಲ್ಕು ಔಷಧಗಳಲ್ಲಿ ಎರಡು ನುಂಗಿ ಎರಡು ಬಿಟ್ಟರಂತೂ 1947ರ ತಪ್ಪನ್ನೇ ಮತ್ತೆ ಮಾಡಿದಂತೆ. ಐಸೊನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ ಹೀಗೆ ಬೆಳೆದು ಬಂತು. ಅದಕ್ಕೆ ಕೊಡುತ್ತಿದ್ದ ಚುಚ್ಚುಮದ್ದುಗಳು ಎಷ್ಟೋ ಜನರ ಕಿವಿಯನ್ನೇ ಕಿತ್ತುಕೊಂಡವು. ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಹಾಗೆ ಕಿವುಡರಾದ ಇಬ್ಬರು ಯುವತಿಯರು. ಬೆಡಾಕ್ವಿಲಿನ್ ಎಂಬ ಹೊಸ ಔಷಧದ ಪೇಟೆಂಟ್ ಅವಧಿಯನ್ನು ಮುಂದುವರಿಸಬಾರದೆಂದು ಅವರು ಭಾರತದಲ್ಲಿ ಆಕ್ಷೇಪ ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಅವರ ಮಾತನ್ನು ಎತ್ತಿಹಿಡಿಯಿತು.

ಜರಾಸಂಧನೂ ತಕ್ಷಕನೂ

ಇಷ್ಟಾದ ಮೇಲೆ ಹಳೆಯ ಕನಸು ಮತ್ತೆ ಚಿಗುರಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡು ಔಷಧಗಳನ್ನು ಒಂದು ಮಾತ್ರೆಯಲ್ಲಿ ಬೆರೆಸುವುದು ಬೇರೆ. ಅದು ಈಗಲೂ ಇದೆ. ನಮ್ಮ ದೇಶದ ಸರ್ಕಾರಿ ಚಿಕಿತ್ಸೆಯಲ್ಲಿ ನಾಲ್ಕು ಔಷಧ ಬೆರೆತ ಮಾತ್ರೆಯನ್ನೇ ಕೊಡುತ್ತಾರೆ. ಸಂಕರ ಅಣು ಎಂದರೆ ಹಾಗಲ್ಲ. ಇಲ್ಲಿ ಎರಡು ಔಷಧಗಳ ಕೆಲಸ ಮಾಡುವ ಭಾಗಗಳನ್ನು ರಾಸಾಯನಿಕ ಬಂಧದಿಂದ ಒಂದೇ ಅಣುವಾಗಿ ಕೂಡಿಸುತ್ತಾರೆ. ಎರಡು ಹೋಳುಗಳಾಗಿ ಹುಟ್ಟಿ ಜರೆಯಿಂದ ಕೂಡಿಕೊಂಡ ಜರಾಸಂಧನ ಹಾಗೆ.

ಕೂಡಿಸುವ ವಿಧಾನಗಳು ಮೂರು. ಮೊದಲನೆಯದು, ಎರಡರ ನಡುವೆ ಸರಪಳಿಯಂಥ ಕೊಂಡಿ ಹಾಕುವುದು. ಎರಡನೆಯದು, ಕೊಂಡಿಯಿಲ್ಲದೆ ನೇರವಾಗಿ ಅಂಟಿಸುವುದು. ಮೂರನೆಯದು, ಎರಡಕ್ಕೂ ಸಾಮಾನ್ಯವಾದ ಭಾಗವನ್ನು ಒಂದರಲ್ಲೇ ಹುದುಗಿಸಿ ಚಿಕ್ಕದೊಂದು ಅಣು ಮಾಡುವುದು. ಕೊಂಡಿಯಲ್ಲೂ ಎರಡು ಬಗೆ. ದೇಹದೊಳಗೆ ತುಂಡಾಗಿ ಎರಡೂ ಔಷಧಗಳನ್ನು ಬಿಡುಗಡೆ ಮಾಡುವುದು ಒಂದು. ಕೊನೆಯವರೆಗೂ ಕಳಚದೆ ಎರಡು ಕೈಗಳಿಂದ ಎರಡು ಕಡೆ ಹಿಡಿಯುವುದು ಮತ್ತೊಂದು.

ಲಾಭವೇನು? ಬೇರೆ ಬೇರೆ ಔಷಧ ಕೊಟ್ಟಾಗ ಒಂದು ಬೇಗ ಮೂತ್ರದಲ್ಲಿ ಹೋಗಬಹುದು, ಇನ್ನೊಂದು ರಕ್ತದಲ್ಲಿ ಉಳಿಯಬಹುದು. ಆ ಹೊತ್ತಿನಲ್ಲಿ ರೋಗಾಣು ಎದುರಿಸುವುದು ಒಂದೇ ಔಷಧವನ್ನು. ಕಳಚದ ಜೋಡಿ ಅಣುವಾದರೆ ಎರಡೂ ಒಟ್ಟಿಗೆ ಬರುತ್ತವೆ, ಒಟ್ಟಿಗೆ ಹೋಗುತ್ತವೆ. ರೋಗಿ ಒಂದನ್ನು ನುಂಗಿ ಇನ್ನೊಂದನ್ನು ಬಿಡುವ ಮಾತೂ ಇಲ್ಲ. ರಿಫಾಮೈಸಿನ್ನಿಗೆ ಕ್ವಿನೊಲೋನ್ ಜಾತಿಯ ಔಷಧ ಬೆಸೆದ ಟಿಎನ್‌ಪಿ-2092 ಎಂಬ ಅಣು ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಬಂದಿದೆ. ಆದರೆ ಅದನ್ನು ಪರೀಕ್ಷಿಸುತ್ತಿರುವುದು ಕೃತಕ ಕೀಲಿನ ಸೋಂಕಿನಂಥ ಬೇರೆ ಕಾಯಿಲೆಗಳಿಗೆ.

ಇನ್ನೊಂದು ಉಪಾಯ ತಕ್ಷಕನದು. ಹಣ್ಣಿನೊಳಗೆ ಹುಳುವಾಗಿ ಅಡಗಿ ಹೋಗಿ ಪರೀಕ್ಷಿತನನ್ನು ಕಚ್ಚಿದ ಕಥೆ ನಮಗೆಲ್ಲ ಗೊತ್ತು. ಕ್ಷಯದ ರೋಗಾಣುವಿಗೆ ಕಬ್ಬಿಣದ ಹಸಿವು ಬಹಳ. ನಮ್ಮ ದೇಹದಿಂದ ಕಬ್ಬಿಣ ಕದಿಯಲು ಅದು ಮೈಕೊಬ್ಯಾಕ್ಟಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಮಾರ್ವಿನ್ ಮಿಲ್ಲರ್ ತಂಡ ಅದನ್ನೇ ಹೋಲುವ ಅಣುವಿಗೆ ಮಲೇರಿಯಾದ ಮದ್ದಾದ ಆರ್ಟೆಮಿಸಿನಿನ್ ಬೆಸೆದು 2011ರಲ್ಲಿ ವರದಿ ಮಾಡಿತು. ಆರ್ಟೆಮಿಸಿನಿನ್ ಒಂದೇ ಇದ್ದರೆ ಕ್ಷಯದ ರೋಗಾಣುವಿಗೆ ಏನೂ ಆಗದು. ಕಬ್ಬಿಣದ ತುತ್ತಿನ ಜೊತೆ ಒಳಹೊಕ್ಕಾಗ ಅದೇ ವಿಷವಾಯಿತು. ಈ ಉಪಾಯ ಬರೀ ಕಲ್ಪನೆಯಲ್ಲ ಎಂಬುದಕ್ಕೆ ಸಾಕ್ಷಿ, ಬೇರೆ ಸೋಂಕುಗಳಿಗಾಗಿ ಇದೇ ತತ್ವದ ಸೆಫಿಡೆರೊಕಾಲ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು. ಕ್ಷಯದ ಅಣು ಮಾತ್ರ ಇನ್ನೂ ಪ್ರಯೋಗಾಲಯದ ಮಾತು.

ತೊಡಕು ಎಲ್ಲಿದೆ?

ಐಸೊನಿಯಾಜಿಡ್ ಅಣುವಿನ ತೂಕ 137. ರಿಫಾಂಪಿಸಿನ್ ಅಣುವಿನದು 823. ಒಂದಕ್ಕೊಂದು ಬೆಸೆದರೆ 600 ಮಿಲಿಗ್ರಾಂ ರಿಫಾಂಪಿಸಿನ್ ಜೊತೆ ಬರುವ ಐಸೊನಿಯಾಜಿಡ್ ಕೇವಲ 100 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 300. ಬೆರಕೆ ಮಾತ್ರೆಯಲ್ಲಿ ಪ್ರಮಾಣ ಹೆಚ್ಚು ಕಡಿಮೆ ಮಾಡಬಹುದು. ಮದುವೆಯಾದ ಅಣುವಿನಲ್ಲಿ ಲೆಕ್ಕ ಯಾವಾಗಲೂ ಒಂದಕ್ಕೆ ಒಂದೇ. ಆದ್ದರಿಂದ ಸರಿಸಮ ಬಲದ ಜೋಡಿಯನ್ನೇ ಹುಡುಕಬೇಕು. ಅಣು ದೊಡ್ಡದಾದಷ್ಟೂ ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ರೋಗಾಣುವಿನ ಮೇಣದ ಕವಚದೊಳಕ್ಕೆ ಇಳಿಯುವುದೂ ಕಷ್ಟ.

ಐಸೊನಿಯಾಜಿಡ್‌ದು ಇನ್ನೊಂದು ವಿಚಿತ್ರ. ಅದು ತಾನಾಗಿ ಕೊಲ್ಲುವುದಿಲ್ಲ. ರೋಗಾಣುವಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸಬೇಕು ಎಂದು ತಿಳಿದದ್ದು 1992ರಲ್ಲಿ. ಮದ್ದು ಬಂದು ನಲವತ್ತು ವರ್ಷಗಳ ಮೇಲೆ! ಬೆಸುಗೆಯಿಂದ ಆ ಕಿಣ್ವಕ್ಕೆ ಗುರುತು ಸಿಗದಂತಾದರೆ ಮದ್ದು ಬರೀ ಪುಡಿ.

ಬೇಡದ ಮದುವೆಯೂ ಉಂಟು. ರಿಫಾಂಪಿಸಿನ್ ಮತ್ತು ಐಸೊನಿಯಾಜಿಡ್ ಬೆರೆತ ಮಾತ್ರೆ ನುಂಗಿದಾಗ ಹೊಟ್ಟೆಯ ಆಮ್ಲದಲ್ಲಿ ಅವೆರಡೂ ತಾವಾಗಿಯೇ ಕೂಡಿಕೊಂಡು ಒಂದಷ್ಟು ರಿಫಾಂಪಿಸಿನ್ ವ್ಯರ್ಥವಾಗುತ್ತದೆ. ಇದನ್ನು ಬಿಡಿಸಿ ತೋರಿಸಿದವರಲ್ಲಿ ಪಂಜಾಬಿನ ಮೊಹಾಲಿಯ ರಾಷ್ಟ್ರೀಯ ಔಷಧ ವಿಜ್ಞಾನ ಸಂಸ್ಥೆಯವರು ಮುಖ್ಯರು. ಕೂಡಿದ್ದೆಲ್ಲ ಒಳ್ಳೆಯ ಜೋಡಿಯಲ್ಲ.

ಹಾಗೆಂದು ಕೈಕಟ್ಟಿ ಕೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗಲಿತು, 12.5 ಲಕ್ಷ ಜನ ಸತ್ತರು. ಆ ರೋಗಿಗಳಲ್ಲಿ ನೂರಕ್ಕೆ 26ರಷ್ಟು ಭಾರತದವರು. ಆದರೂ ಬಡವರ ಕಾಯಿಲೆಗೆ ಹಣ ಹಾಕುವವರು ಕಡಿಮೆ. ಬೆಂಗಳೂರಿನಲ್ಲಿ ಕ್ಷಯದ ಔಷಧ ಶೋಧಿಸುತ್ತಿದ್ದ ಆಸ್ಟ್ರಾಜೆನೆಕಾ ಕಂಪನಿಯ ಕೇಂದ್ರವನ್ನು ಮುಚ್ಚುವುದಾಗಿ 2014ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ರೂಪುಗೊಂಡ ಟಿಬಿಎ-7371 ಎಂಬ ಅಣುವನ್ನು ಕೆಲವರು ಕೈಬಿಡಲಿಲ್ಲ. ಅಲ್ಲಿದ್ದ ವಿಜ್ಞಾನಿಗಳೇ ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿಕೊಂಡು ಅದನ್ನು ಮುಂದುವರಿಸಿದರು. ಅದು ರೋಗಿಗಳ ಮೇಲಿನ ಪರೀಕ್ಷೆಯ ಹಂತ ತಲುಪಿತು. ಅದು ಜೋಡಿ ಅಣುವಲ್ಲ. ಆದರೆ ಜೋಡಿ ಕಟ್ಟಬೇಕಾದರೂ ಮೊದಲು ಒಳ್ಳೆಯ ಒಂಟಿ ಬೇಕಲ್ಲವೇ?

ಐಸೊನಿಯಾಜಿಡ್ ಕಥೆಯಿಂದ ಕಲಿಯಬೇಕಾದ್ದು ಇದನ್ನೇ. ಸಂಕರ ಅಣುವಿಗೆಂದು ಹೊರಟವರಿಗೆ ದಾರಿಯಲ್ಲಿ ಸಿಕ್ಕ ಮೆಟ್ಟಿಲೇ ಮದ್ದಾಯಿತು. ಇಂದು ಪ್ರಯೋಗಾಲಯಗಳಲ್ಲಿ ಬೆಸೆಯುತ್ತಿರುವ ನೂರಾರು ಜೋಡಿಗಳಲ್ಲಿ ಯಾವುದು ನಿಲ್ಲುವುದೋ ಹೇಳಲಾಗದು. ಆದರೆ ತುಮಕೂರಿನ ಹಳ್ಳಿಗಳ ಪಾಠವನ್ನೂ ಮರೆಯುವಂತಿಲ್ಲ. ಐಸೊನಿಯಾಜಿಡ್ ಬಂದು ಹತ್ತು ವರ್ಷಗಳಾಗಿದ್ದಾಗಲೂ ಕ್ಷಯರೋಗಿಯ ಕೈಗೆ ಸಿಕ್ಕಿದ್ದು ಕೆಮ್ಮಿನ ಸೀಸೆ. ನಾಳೆ ಎರಡು ಮದ್ದಿನ ಒಂದು ಅಣು ಬಂದರೂ, ಅದು ಬಾಗಿಲಿಗೆ ಬಂದ ರೋಗಿಯ ಕೈ ಸೇರಿದರೆ ಮಾತ್ರ 1947ರ ಸೋಲಿಗೆ ಉತ್ತರವಾದೀತು.